ಹುಂಜದ ಮುಂದೆ ಮಾಡಿದ ಪ್ರಮಾಣ

ನನಗೊಂದು ಸಣ್ಣ ಚಿಂತೆ ಇದೆ. ಯಾರಿಗಾದರೂ ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಮರೆತು ಮಲಗುವಷ್ಟು ಚಿಕ್ಕದೂ ಅಲ್ಲ. “ನೀನು ಎಲ್ಲಿಯವಳು?” ಎಂದು ಯಾರಾದರೂ ಕೇಳಿದರೆ, “ನೀರಿನ ಟ್ಯಾಂಕಿನ ಹಿಂದೆ” ಎಂದುಬಿಡುತ್ತೇನೆ. ನಮ್ಮ ಊರಿನಲ್ಲಿ ಅದು ಸರಿಯಾದ ಉತ್ತರವೇ. ಆದರೆ ಪದವಿ ಕೊಡುವ ದಿನ, ಊರಿನಿಂದ ಎಷ್ಟೋ ಮೈಲಿ ಆಚೆ, ವೇದಿಕೆಯ ಮೇಲೆ ನನ್ನ ಕೈ ಕುಲುಕಿದ ಪ್ರಾಧ್ಯಾಪಕರಿಗೂ ಅದನ್ನೇ ಹೇಳಿದೆ. ಅವರು ಕತ್ತೆತ್ತಿ ಸುತ್ತ ಹುಡುಕಿದರು. ಟ್ಯಾಂಕು ಎಲ್ಲೂ ಕಾಣಲಿಲ್ಲ. “ಒಳ್ಳೆಯದಾಗಲಿ” ಎಂದು ಮುಂದಿನವಳ ಕೈ ಹಿಡಿದರು.

ಅಮ್ಮ ನನ್ನನ್ನು ಮೆಕ್ಸಿಕೋದ ಮಿಚೊವಕಾನ್ ಸೀಮೆಯಿಂದ ಸೊಂಟದ ಮೇಲೆ ಹೊತ್ತು ತಂದಾಗ ನನಗೆ ಎರಡು ವರ್ಷವಂತೆ. ಆ ಸೊಂಟ ಬಿಟ್ಟರೆ ಆ ಊರಿನದೇನೂ ನನಗೆ ನೆನಪಿಲ್ಲ. ನನಗೆ ಗೊತ್ತಿರುವುದು ಅಮೆರಿಕದ ಯಾಕಿಮಾ ಕಣಿವೆಯ ಈ ಸೇಬಿನ ತೋಟಗಳು. ನನ್ನ ಹತ್ತಿರ ಇರುವುದು ಎರಡೆರಡು ವರ್ಷಕ್ಕೆ ಹೊಸದು ಮಾಡಿಸಬೇಕಾದ ಒಂದು ಪರವಾನಗಿ. ಅದರ ಪ್ರಕಾರ ನಾನು ಇಲ್ಲಿ ಇರಬಹುದು, ದುಡಿಯಬಹುದು, ಇಲ್ಲಿಯವಳು ಮಾತ್ರ ಅಲ್ಲ. ಅಮ್ಮನ ಹತ್ತಿರ ಅದೂ ಇಲ್ಲ.

ನಮ್ಮ ಮನೆಯಲ್ಲಿ ಈ ದೇಶದಲ್ಲಿ ಕಾಯಂ ಇರಲು ಬಿಡುವ ಹಸಿರು ಕಾರ್ಡು ಇರುವುದು ಒಬ್ಬರಿಗೇ, ಅಮ್ಮನ ಅಣ್ಣ ಕ್ರಿಸ್ಪಿನ್ ಮಾವನಿಗೆ. ಹಿಂದೊಂದು ಕಾಲದಲ್ಲಿ ಸರ್ಕಾರಕ್ಕೆ ಮನಸ್ಸು ಕರಗಿ, ಕಾಗದವಿಲ್ಲದೆ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಾರ್ಡು ಕೊಟ್ಟಿತ್ತು. ಮಾವ ಅದು ಊಟದ ಸಾಲು ಎಂದುಕೊಂಡು ನಿಂತಿದ್ದರು. ಅಲ್ಲಿಂದ ಮುಂದೆ ಅವರ ತಲೆಗೂದಲು ಹೋಯಿತು, ಕಾರ್ಡು ಉಳಿಯಿತು. ಮತ ಹಾಕಲು ಮಾತ್ರ ಬರುವುದಿಲ್ಲ. ಅದಕ್ಕೆ ಪೂರ್ತಿ ಪ್ರಜೆ ಆಗಬೇಕು. ಅರ್ಜಿ ಹಾಕಬೇಕು, ಅಧಿಕಾರಿಯ ಎದುರು ಪರೀಕ್ಷೆ ಕೊಡಬೇಕು, ಕೊನೆಗೆ ಬಲಗೈ ಎತ್ತಿ ಪ್ರಮಾಣ ಮಾಡಬೇಕು.

ಈ ವಸಂತದಲ್ಲಿ ಮಾವ ಪ್ರಜೆಯಾಗುವುದೆಂದು ತೀರ್ಮಾನಿಸಿದರು. ಮತ್ತು ಕೊನೆಯಿಂದ ಶುರುಮಾಡಿದರು.

“ಮಾವ, ಮೊದಲು ಅರ್ಜಿ ಹಾಕಬೇಕಲ್ವಾ?” ಎಂದೆ. ಮನೆಯವರ ಹತ್ತಿರ ನಾನು ಅಷ್ಟಿಷ್ಟು ಮಾತಾಡುತ್ತೇನೆ.

“ನೋಡು ಯರೇಲಿ, ಸೇಬಿನ ಮರ ಸವರೋದು ತುದಿಯಿಂದ. ಬುಡದಿಂದ ಶುರುಮಾಡಿದೋನು ಮೇಲೆ ಹೋಗೋ ಹೊತ್ತಿಗೆ ಸುಸ್ತಾಗಿರ್ತಾನೆ. ಪ್ರಮಾಣ ಬಾಯಿಪಾಠ ಆದ್ರೆ ಅರ್ಧ ಪ್ರಜೆ ಆದ ಹಾಗೆ.”

ಹಳೇ ಬಟ್ಟೆಯಂಗಡಿಯಲ್ಲಿ ಒಂದು ನೀಲಿ ಸೂಟು ತಂದರು. ಅದರ ಮೊದಲ ಒಡೆಯನಿಗೆ ಕೈ ಗಿಡ್ಡವಿದ್ದಿರಬೇಕು, ಮಾವನ ಮಣಿಕಟ್ಟು ಎರಡೂ ಹೊರಗೆ ಇಣುಕುತ್ತಿದ್ದವು. ಹಿತ್ತಲಲ್ಲಿ ಹಕ್ಕಿಗೆ ನೀರಿಡುವ ಕಲ್ಲಿನ ಬೋಗುಣಿಗೆ ಫೋನನ್ನು ಒರಗಿಸಿ, ಅದರಲ್ಲಿ ಬರುವ ಹೆಂಗಸು ಹೇಳಿದಂತೆ ಹೇಳುತ್ತ ಇಂಗ್ಲಿಷಿನ ಪ್ರಮಾಣವನ್ನು ಕಲಿಯತೊಡಗಿದರು. ಎರಡನೇ ಸಾಲಿನಲ್ಲೇ ಅವರಿಗೆ ಒಂದು ಧರ್ಮಸಂಕಟ ಎದುರಾಯಿತು. ಪರದೇಶದ ರಾಜ, ದೊರೆ ಯಾರಿಗೇ ಆಗಲಿ ಇಟ್ಟುಕೊಂಡ ನಿಷ್ಠೆಯನ್ನು ಬಿಡುತ್ತೇನೆ ಎಂದು ಅಲ್ಲಿ ಹೇಳಬೇಕು.

“ನನಗೆ ರಾಜನೇ ಇಲ್ವಲ್ಲ ಮಗಳೇ. ಇಲ್ಲದೇ ಇರೋನ್ನ ಬಿಟ್ಟೆ ಅಂತ ದೇವರ ಆಣೆ ಹೆಂಗೆ ಹಾಕ್ಲಿ?”

“ಮೆಕ್ಸಿಕೋದಲ್ಲಿ ಅಧ್ಯಕ್ಷರು ಇದಾರಲ್ಲ.”

“ಅವರು ನನ್ನನ್ನ ಯಾವತ್ತೂ ಕೇಳಿಲ್ಲ, ನಾನೂ ಅವರನ್ನ ಕೇಳಿಲ್ಲ. ಬಿಡಬೇಕಾದ್ರೆ ಮೊದಲು ಹಿಡ್ಕೊಂಡಿರಬೇಕು.”

ಪ್ರಾಮಾಣಿಕ ಮನುಷ್ಯ ತೊಂದರೆಗೆ ಸಿಲುಕುವುದು ಹೀಗೆ. ಬಿಡಲು ಒಬ್ಬ ರಾಜ ಬೇಕಾಗಿ, ಮಾವ ನಮ್ಮ ಹುಂಜಕ್ಕೆ ಪಟ್ಟ ಕಟ್ಟಿದರು. ಅದಕ್ಕೆ ಕಿರೀಟ ಹುಟ್ಟಿನಿಂದಲೇ ಇತ್ತು. ಒಂದು ವಾರ ಪೂರ್ತಿ ಬೆಳಗ್ಗೆ ಅದರ ಮುಂದೆ ತಲೆಬಾಗಿ, “ಮಹಾಪ್ರಭು” ಎಂದು ಕರೆದು, ಮೆಕ್ಕೆಜೋಳದ ಕಪ್ಪಕಾಣಿಕೆ ಒಪ್ಪಿಸಿ, ಮನಃಪೂರ್ವಕ ನಿಷ್ಠೆ ತೋರಿಸಿದರು. ಹುಂಜವೂ ರಾಜರ ಹಾಗೆ ಎಲ್ಲವನ್ನೂ ತಿಂದು ಯಾರನ್ನೂ ನೋಡದೆ ಹೋಗುತ್ತಿತ್ತು.

ವಾರ ಕಳೆದ ಮೇಲೆ ಬಿಡುವ ಮುಹೂರ್ತ ಬಂತು. ಸೇಬು ಹೂಬಿಟ್ಟ ಕಾಲ. ಹಿಂದಿನ ರಾತ್ರಿ ಮಂಜು ಬೀಳುವ ಭಯವಿದ್ದುದರಿಂದ ತೋಟಗಳಲ್ಲಿ ಹೂವು ಹೆಪ್ಪುಗಟ್ಟದಂತೆ ಗಾಳಿ ಕಲಕುವ, ಎತ್ತರದ ಕಂಬಗಳ ಮೇಲಿನ ದೊಡ್ಡ ಫ್ಯಾನುಗಳು ಬೆಳಗಾದರೂ ತಿರುಗುತ್ತಲೇ ಇದ್ದವು. ಆ ಸದ್ದಿನಲ್ಲಿ ಇಡೀ ಕಣಿವೆ ಹಾರಲು ಸಿದ್ಧವಾಗಿ, ಮನಸ್ಸು ಬಾರದೆ ನಿಂತ ಹಾಗಿತ್ತು. ಬಿಳಿ ಎಸಳುಗಳು ಎಲ್ಲಿಂದಲೋ ತೇಲಿ ಬಂದು ಮಾವನ ಸೂಟಿನ ಭುಜದ ಮೇಲೆ ಕೂತವು. ಮಾವ ಬಲಗೈ ಎತ್ತಿದರು. ವಾರದ ಒಡನಾಟವಲ್ಲವೇ, ಮಹಾಪ್ರಭುವನ್ನು ಬಿಡುವಾಗ ಅವರ ಕಣ್ಣಲ್ಲಿ ನಿಜವಾಗಿ ನೀರು ಬಂತು.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ದೋನ್ಯಾ ಚಾಯೊ ಇದನ್ನೆಲ್ಲ ನೋಡಿದರು. ನೀಲಿ ಸೂಟು ನೋಡಿದರು, ಎತ್ತಿದ ಕೈ ನೋಡಿದರು, ಫೋನಿನಲ್ಲಿ ಮಾತಾಡುವ ಅಧಿಕಾರಿಯಂಥ ಹೆಂಗಸನ್ನು ನೋಡಿದರು, ಕಣ್ಣೀರು ನೋಡಿದರು. ಬೇಲಿ ಎದೆಮಟ್ಟ, ಹುಂಜ ಮೊಣಕಾಲುಮಟ್ಟ. ಮುಂದೆ ನಡೆದದ್ದಕ್ಕೆಲ್ಲ ಕಾರಣ ಇಷ್ಟೇ.

“ಈಗೆಲ್ಲಾ ಫೋನಲ್ಲೇ ಮುಗಿಸ್ತಾರಂತೆ ಕಣ್ರೀ,” ಎಂದು ಅವರು ಬೀದಿಗೆ ಹೇಳಿದ್ದು ನನಗೆ ಆಮೇಲೆ ಗೊತ್ತಾಯಿತು. “ಕ್ರಿಸ್ಪಿನ್ ಅಮೆರಿಕದವನಾಗಿಬಿಟ್ಟ. ಹಿತ್ತಲಲ್ಲಿ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬೀದಿ ನಮ್ಮದು. ಮಧ್ಯಾಹ್ನಕ್ಕೆ ಮುಂಚೆಯೇ ದೋನ್ಯಾ ಚಾಯೊ ಒಂದು ಪಾತ್ರೆ ಬಿಸಿ ತಮಾಲೆ ಹೊತ್ತು ಬಂದರು. ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಅವರ ತಮಾಲೆ ಕ್ರಿಸ್‌ಮಸ್ಸಿಗೆ ಬಿಟ್ಟರೆ ಯಾರಿಗೂ ಸಿಗುವುದಿಲ್ಲ. ಅವರು ಏನಾದರೂ ಕೇಳುವ ಮೊದಲೇ ಮಾವ ಒಂದನ್ನು ಬಿಚ್ಚಿ ಬಾಯಿಗೆ ಹಾಕಿದರು.

“ಏನಪ್ಪಾ ಕ್ರಿಸ್ಪಿನ್, ಪ್ರಮಾಣ ಆಯ್ತಲ್ಲ?”

ಮಾವ ತಲೆಯಾಡಿಸಿದರು. ಆಡಿಸಿದ್ದು ತಮಾಲೆಯ ರುಚಿಗೆ. ಆದರೆ ಇತಿಹಾಸದಲ್ಲಿ ತಲೆಯಾಡಿಸಿದ್ದು ಮಾತ್ರ ಉಳಿಯುತ್ತದೆ, ಬಾಯಲ್ಲಿ ಏನಿತ್ತು ಎನ್ನುವುದು ಉಳಿಯುವುದಿಲ್ಲ.

ಸಂಜೆಗೆ ಬೇಕರಿಯ ದೋನ್ ರೆಮಿಹಿಯೊ ಅಮೆರಿಕದ ಬಾವುಟದ ಕೇಕು ತಂದರು. ರಾಜ್ಯಕ್ಕೊಂದರಂತಿರುವ ನಕ್ಷತ್ರಗಳಿಗೆ ಜಾಗ ಸಾಲದೆ ಕೆಲವನ್ನು ಪಕ್ಕದ ತಟ್ಟೆಯಲ್ಲಿ ತಂದಿದ್ದರು. “ಬಿಟ್ಟುಹೋದ ರಾಜ್ಯಗಳು ಇವು. ಬೇಜಾರು ಮಾಡ್ಕೋಬೇಡಿ, ಎಲ್ಲಾ ಸೇರಿಸಿ ತಿನ್ನಿ,” ಎಂದರು.

ಅಮ್ಮ ಅಡುಗೆಮನೆಯ ಬಾಗಿಲಿಗೆ ಮಾವನನ್ನು ಎಳೆದಳು. “ಅಣ್ಣಾ, ಹೇಳಿಬಿಡು. ಈಗಲೇ.”

“ನಾಳೆ ಹೇಳ್ತೀನಿ ಕಣೇ ಅಂಪಾರೊ. ಕತ್ತರಿಸಿದ ಕೇಕಿನ ಮುಂದೆ ನಿಜ ಹೇಳಬಾರದು, ಕೆನೆ ಕರಗುತ್ತೆ.”

ಮರುದಿನ ಮನೆಯ ಮುಂದೆ ಜನ. ಪ್ರಜೆ ಎಂದರೆ ಅರ್ಧ ಸರ್ಕಾರ ಎಂದು ನಮ್ಮ ಬೀದಿಯ ತಿಳಿವಳಿಕೆ. ರಸ್ತೆಯ ಗುಂಡಿ ಮುಚ್ಚಿಸಿಕೊಡಿ ಎಂದರು. ಎದುರುಮನೆಯ ನಾಯಿಗೆ ಬುದ್ಧಿ ಹೇಳಿ, ನಿಮ್ಮ ಮಾತು ಕೇಳಬಹುದು ಎಂದರು. ದೋನ್ ರೆಮಿಹಿಯೊ ಮಾತ್ರ ಹೆಚ್ಚಿಗೆ ಏನೂ ಕೇಳಲಿಲ್ಲ. “ಭಾನುವಾರ ಬೆಳಗ್ಗೆ ಆ ಸೂಟು ಹಾಕ್ಕೊಂಡು ಅಂಗಡಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ್ಕೊಳ್ಳಿ ಸಾಕು. ಬ್ರೆಡ್ಡಿಗೆ ಒಂದು ಗೌರವ ಬರುತ್ತೆ.”

ಮಾವ ನಿಂತರು. ಬ್ರೆಡ್ಡು ಬೇಗ ಖರ್ಚಾಯಿತೆಂದು ಕೇಳಿದೆ. ಅಷ್ಟು ಹೊತ್ತಿಗೆ ಅವರ ನಡಿಗೆಯೇ ಬೇರೆಯಾಗಿತ್ತು. ಮೊದಲು ರಸ್ತೆಯ ಅಂಚಿಗೆ ಅಂಟಿಕೊಂಡು ನಡೆಯುತ್ತಿದ್ದವರು ಈಗ ನಡುವೆ ನಡೆಯುತ್ತಿದ್ದರು, ನಿದ್ದೆಯಲ್ಲಿ ನಡೆಯುವವರ ಹಾಗೆ ಮೆಲ್ಲಗೆ, ಮುಖದಲ್ಲಿ ನಗು ಇಟ್ಟುಕೊಂಡು.

“ಪ್ರಜೆ ಆದ್ಮೇಲೆ ತಂಗಿಗೂ ಕಾರ್ಡು ಕೊಡಿ ಅಂತ ಅರ್ಜಿ ಹಾಕಬಹುದಂತೆ,” ಎಂದು ಊಟಕ್ಕೆ ಕೂತಾಗ ಹೇಳಿದರು.

“ಆ ಸಾಲಿನಲ್ಲಿ ನನ್ನ ಸರದಿ ಬರೋ ಹೊತ್ತಿಗೆ ನನಗೆ ಹಲ್ಲಿರಲ್ಲ,” ಎಂದಳು ಅಮ್ಮ.

“ಕಾರ್ಡಿಗೆ ಹಲ್ಲು ಯಾಕೆ? ಬಾಯಿ ಮುಚ್ಕೊಂಡು ಫೋಟೋ ತೆಗೆಸ್ಕೊಂಡ್ರಾಯ್ತು.”

ಅಮ್ಮ ನಕ್ಕಳು. ನಾನು ನಗಲಿಲ್ಲ. ನಾನು ಓದಿದವಳು, ಓದಿದವರ ಊಟ ಕೆಡುವುದು ಹೀಗೆಯೇ. ಪ್ರಜೆಯಲ್ಲದವನು ಸರ್ಕಾರದ ಕಾಗದದಲ್ಲಿ ತಾನು ಪ್ರಜೆ ಎಂದು ಹೇಳಿಕೊಂಡರೆ, ಈಗ ಇರುವ ಹಸಿರು ಕಾರ್ಡೂ ಹೋಗಬಹುದು, ದೇಶ ಬಿಡಿಸಿ ಕಳಿಸಲೂಬಹುದು, ಬಾಗಿಲು ಮತ್ತೆ ತೆರೆಯದೆಯೂ ಹೋಗಬಹುದು. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಉಪ್ಪು ಕೇಳಿದೆ. ಉಪ್ಪು ಕೊಟ್ಟರು. ಮತ್ತೆ ಬಾಯಿ ತೆರೆದೆ, ನೀರು ಕೇಳಿದೆ. ಮೂರನೆಯ ಸಲ ಎಲ್ಲವೂ ಮುಂದಿತ್ತು, ಕೇಳಲು ಏನೂ ಉಳಿದಿರಲಿಲ್ಲ, ಆದ್ದರಿಂದ ಹೇಳಿದೆ.

ಮಾವ ಚಮಚ ಕೆಳಗಿಟ್ಟರು. “ನಾನು ಯಾವ ಕಾಗದಕ್ಕೂ ಕೈ ಹಾಕಲ್ಲ. ಬೀದಿ ಜನ ಖುಷಿಯಾಗಿದಾರೆ, ಇರ್ಲಿ. ತಾನೇ ತಣ್ಣಗಾಗುತ್ತೆ.”

ತಣ್ಣಗಾಗಲಿಲ್ಲ. ಮುಂದಿನ ಭಾನುವಾರ ಚರ್ಚಿನ ಸಭಾಂಗಣಕ್ಕೆ ಹಾಲ್ವರ್ಸನ್ ಎಂಬವರು ಬರುವವರಿದ್ದರು. ವಲಸೆ ಕಾಯ್ದೆಯನ್ನು ತಿದ್ದಿ, ಬಹಳ ಕಾಲದಿಂದ ಇಲ್ಲಿ ಬೇರುಬಿಟ್ಟವರಿಗೆ ಪೌರತ್ವದ ದಾರಿ ಮಾಡಿಕೊಡಬೇಕು ಎಂದು ಊರೂರು ತಿರುಗಿ ಜನರ ಮಾತನ್ನು ಧ್ವನಿಮುದ್ರಿಸಿ, ರಾಜಧಾನಿಗೆ ಒಯ್ಯುವ ಸಮಿತಿಯವರು ಅವರು. ಹೊಸದಾಗಿ ಪ್ರಜೆಯಾದವರೊಬ್ಬರು ಮಾತಾಡಿದರೆ ಚೆನ್ನ ಎಂದು ಪಾದ್ರಿಗಳಿಗೆ ಹೇಳಿದ್ದರಂತೆ. ಪಾದ್ರಿಗಳು ದೋನ್ಯಾ ಚಾಯೊ ಅವರನ್ನು ಕೇಳಿದರು. ಉಳಿದದ್ದು ನಿಮಗೆ ಗೊತ್ತಾಯಿತು.

“ಮಾತಾಡೋದು ತಾನೇ?” ಎಂದರು ಮಾವ ಕಾರಿನಲ್ಲಿ, ಸೂಟಿನ ತೋಳನ್ನು ಮಣಿಕಟ್ಟಿನ ಕಡೆಗೆ ಎಳೆಯುತ್ತ. “ಪ್ರಜೆ ಅನ್ನೋ ಮಾತೇ ಎತ್ತದೆ ಎರಡು ಒಳ್ಳೆ ಮಾತು ಹೇಳಿ ಇಳಿದುಬಿಡ್ತೀನಿ.”

ಅವರ ಸ್ಪ್ಯಾನಿಷನ್ನು ಇಂಗ್ಲಿಷಿಗೆ, ಹಾಲ್ವರ್ಸನ್ನರ ಇಂಗ್ಲಿಷನ್ನು ಸ್ಪ್ಯಾನಿಷಿಗೆ ತಿರುಗಿಸುವ ಕೆಲಸ ನನಗೆ ಬಿತ್ತು. ಪದವಿ ಪಡೆದವಳು ಎಂಬ ಕಾರಣಕ್ಕೆ. ವಿಚಿತ್ರವೆಂದರೆ ಆ ಕೆಲಸ ನನಗೆ ಕಷ್ಟವಾಗುವುದಿಲ್ಲ. ಬೇರೆಯವರ ಮಾತಾದರೆ ನನ್ನ ಗಂಟಲು ಕಾಲುವೆಯ ಹಾಗೆ ತೆರೆದುಕೊಳ್ಳುತ್ತದೆ. ನೀರು ನನ್ನದಲ್ಲವಲ್ಲ.

ಹಾಲ್ವರ್ಸನ್ ಉದ್ದಕ್ಕೆ ತೆಳ್ಳಗೆ ಇದ್ದರು, ಯಾವ ಬಾಗಿಲಲ್ಲೂ ಕ್ಷಮೆ ಕೇಳುವವರ ಹಾಗೆ ಬಗ್ಗಿ ಬರುತ್ತಿದ್ದರು. “ನಾವು ಕೇಳುತ್ತಿರುವುದು ಒಂದು ದಾರಿಯನ್ನು,” ಎಂದರು. ನಾನು ಅದನ್ನು ನಮ್ಮ ಮಾತಿಗೆ ತಿರುಗಿಸಿದೆ. ಒಂದು ದಾರಿ.

ಆಗ ಸಭಾಂಗಣಕ್ಕೆ ಏನೋ ಆಯಿತು. ಮಡಿಸುವ ಕುರ್ಚಿಗಳ ಕಿರುಗುಟ್ಟುವಿಕೆ ನಿಂತಿತು. ಕಿಟಕಿಯಾಚೆ ಹೂವಿನ ತೋಟ ಬಿಸಿಲಲ್ಲಿ ಬೆಳ್ಳಗೆ ಮಲಗಿತ್ತು. ಎಲ್ಲರೂ ಅತ್ತಲೇ ನೋಡತೊಡಗಿದರು, ಆ ದಾರಿ ಅಲ್ಲೇ, ಮರದ ಸಾಲುಗಳ ನಡುವೆ, ಈಗ ತಾನೇ ಕಾಣಿಸಿಕೊಂಡಿತೇನೋ ಎನ್ನುವಂತೆ.

“ಆ ದಾರೀಲಿ ಟೋಲ್ ಇರುತ್ತಾ ಕೇಳು,” ಎಂದರು ದೋನ್ಯಾ ಚಾಯೊ.

ಕೇಳಿದೆ. ದಂಡ ಸ್ವಲ್ಪ ಇರುತ್ತದೆ ಎಂದರು ಹಾಲ್ವರ್ಸನ್.

“ನಡುವೆ ಕೂರೋಕೆ ಜಾಗ ಇರುತ್ತಾ? ನನಗೆ ಮಂಡಿನೋವು,” ಎಂದರು ದೋನ್ ರೆಮಿಹಿಯೊ.

ಅದನ್ನೂ ಕೇಳಿದೆ. ಹಾಲ್ವರ್ಸನ್ ಗಂಭೀರವಾಗಿ ಯೋಚಿಸಿ, ಕೂರುವುದೇ ಹೆಚ್ಚು, ಕಾಯುವಿಕೆ ವರ್ಷಗಟ್ಟಲೆ ಎಂದರು. ಅಮ್ಮ ತಲೆಬಗ್ಗಿಸಿ ತನ್ನ ಶೂ ನೋಡಿಕೊಂಡಳು. ದಾರಿಗೆ ಇವು ತಡೆಯುತ್ತವೆಯೇ ಎಂದು ಲೆಕ್ಕ ಹಾಕುವ ಹಾಗಿತ್ತು ಆ ನೋಟ.

ಮಾವನನ್ನು ಕರೆದರು. ಚಪ್ಪಾಳೆ ಬಿತ್ತು. ಮಾವ ಬಲಗೈ ಎತ್ತಿ, ಅಭ್ಯಾಸಬಲದಿಂದ ಪ್ರಮಾಣ ಶುರುವಾಗುವಷ್ಟರಲ್ಲಿ ಎಚ್ಚೆತ್ತು, ಕೈ ಇಳಿಸಿದರು.

“ಈ ಕಣಿವೇಲಿ ನಾನು ಹತ್ತದ ಮರ ಇಲ್ಲ,” ಎಂದರು. “ಇಳಿದದ್ದು ಮಾತ್ರ ಕೆಲವು ಸಲ ಏಣಿ ಇಲ್ಲದೆ.”

ಮೊದಲು ನಮ್ಮವರು ನಕ್ಕರು, ನಾನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಹಾಲ್ವರ್ಸನ್ ಒಬ್ಬರೇ ನಕ್ಕರು, ಅವರು ನಕ್ಕದ್ದಕ್ಕೆ ನಮ್ಮವರು ಮತ್ತೆ ನಕ್ಕರು. ಮಾವ ಪ್ರಜೆ ಎಂಬ ಮಾತೆತ್ತದೆ ಎರಡು ಒಳ್ಳೆಯ ಮಾತು ಹೇಳಿಯೇ ಬಿಟ್ಟರು. ಇಳಿಯಲು ಒಂದು ಕಾಲೂ ಮುಂದಿಟ್ಟಿದ್ದರು.

“ಒಂದೇ ನಿಮಿಷ,” ಎಂದರು ಹಾಲ್ವರ್ಸನ್. ಕಿಸೆಯಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕಾರ್ಡು. ಸರ್ಕಾರದ್ದು. “ಕ್ರಿಸ್ಪಿನ್ ಅವರೇ, ಈ ಕೆಲಸ ನಿಮ್ಮ ಜನರ ಎದುರಿಗೇ ಆಗಲಿ.”

ಇಡೀ ಸಭೆ ಎದ್ದು ನಿಂತಿತು. ಹಿಂದೆ ಇದ್ದವರು ಕಾಣಲೆಂದು ಕುರ್ಚಿ ಹತ್ತಿದರು.

ಮಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ಕನ್ನಡಕ ತಂದಿಲ್ಲ,” ಎಂದರು ಮಾವ.

ದೋನ್ಯಾ ಚಾಯೊ ತಮ್ಮದನ್ನು ಬಿಚ್ಚಿ ಕೈಯಿಂದ ಕೈಗೆ ಕಳಿಸಿದರು. ಹೂವಿನ ಚೌಕಟ್ಟಿನ ಆ ಕನ್ನಡಕದಲ್ಲಿ ಮಾವನ ಕಣ್ಣು ಕೋಳಿಮೊಟ್ಟೆಯಷ್ಟಾಯಿತು.

“ಪೆನ್ನು ಬರೀತಿಲ್ಲ.”

ಆರು ಕಡೆಯಿಂದ ಪೆನ್ನು ಬಂತು. ಪಾದ್ರಿಗಳು ತಮ್ಮ ಚಿನ್ನದ ಬಣ್ಣದ್ದನ್ನೇ ಕೊಟ್ಟರು. ದೋನ್ ರೆಮಿಹಿಯೊ ಕೇಕಿನ ಮೇಲೆ ಬರೆಯುವ ಕೆನೆಯ ಕೊಳವೆಯನ್ನು ಹಿಡಿದು ನಿಂತಿದ್ದರು, ಏನಕ್ಕೂ ಇರಲಿ ಎಂದು.

“ಕೈ ನಡುಗ್ತಿದೆ.”

“ನಡುಗಲೇಬೇಕು, ದೊಡ್ಡ ಕೆಲಸ ಅಲ್ವಾ,” ಎಂದು ದೋನ್ಯಾ ಚಾಯೊ ಸೆರಗಿನಂತೆ ಹೊದ್ದ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡರು.

ಹಾಲ್ವರ್ಸನ್ ಎಲ್ಲರಿಗೂ ಕೇಳಲೆಂದು ಮೈಕು ಎತ್ತಿ ಮೊದಲ ಪ್ರಶ್ನೆಯನ್ನು ಓದಿದರು. “ನೀವು ಈ ದೇಶದ ಪ್ರಜೆಯೇ? ಹೌದು ಅಥವಾ ಅಲ್ಲ.” ಮೈಕನ್ನು ನನ್ನ ಬಾಯಿಗೆ ಹಿಡಿದರು.

ಸ್ಪ್ಯಾನಿಷಿಗೆ ತಿರುಗಿಸಿದೆ. ಮಾವ ತುಟಿ ಅಲುಗಿಸದೆ, ನನಗಷ್ಟೇ ಕೇಳುವ ಹಾಗೆ ಹೇಳಿದರು: “ಎಲ್ಲರೂ ಕೇಕು ತಿಂದುಬಿಟ್ಟಿದಾರೆ, ಮಗಳೇ. ಏನು ಮಾಡ್ಲಿ? ಹೌದು ಅಂದುಬಿಡ್ಲಾ?” ಅವರ ಕೈಯ ಪೆನ್ನು ಆಗಲೇ ಕಾರ್ಡಿನ ಮೇಲೆ, ಪುಟ್ಟ ಚೌಕದ ಹತ್ತಿರ, ನೊಣದ ಹಾಗೆ ಸುತ್ತುತ್ತಿತ್ತು.

ಫ್ಯಾನುಗಳು ತಿರುಗುತ್ತಿದ್ದ ಆ ಬೆಳಗಿನ ಸದ್ದು ನನ್ನ ಕಿವಿಯಲ್ಲಿ ಕೇಳಿಸಿತು. ನಾನು ಮೈಕಿಗೆ ತೀರ ಹತ್ತಿರವಾಗಿದ್ದೆ.

“ಅಲ್ಲ,” ಎಂದೆ ಇಂಗ್ಲಿಷಿನಲ್ಲಿ. ಆಮೇಲೆ ಸ್ಪ್ಯಾನಿಷಿನಲ್ಲಿ, ಎಲ್ಲರಿಗೂ: “ಅಲ್ಲ. ಮಾವ ಇನ್ನೂ ಪ್ರಜೆ ಆಗಿಲ್ಲ. ಅರ್ಜಿಯೂ ಹಾಕಿಲ್ಲ.”

ಕುರ್ಚಿ ಹತ್ತಿದವರಿಗೆ ಇಳಿಯಬೇಕೋ ಬೇಡವೋ ತಿಳಿಯಲಿಲ್ಲ.

“ಮತ್ತೆ ಅವತ್ತು ಹಿತ್ತಲಲ್ಲಿ ಪ್ರಮಾಣ ಮಾಡಿದ್ದು?” ಎಂದರು ದೋನ್ಯಾ ಚಾಯೊ, ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ.

“ಅಭ್ಯಾಸ. ಹುಂಜ ಇತ್ತು ಎದುರಿಗೆ,” ಎಂದರು ಮಾವ.

“ಹುಂಜಕ್ಕೆ ಪ್ರಮಾಣ ಮಾಡಿದ್ಯಾ?”

“ಹುಂಜಕ್ಕಲ್ಲ ದೋನ್ಯಾ ಚಾಯೊ. ಹುಂಜದ ವಿರುದ್ಧ.”

“ಹಾಗಾದ್ರೆ ನನ್ನ ತಮಾಲೆ?”

“ಅದಕ್ಕೆ ತಲೆಯಾಡಿಸಿದ್ದು ಮಾತ್ರ ನಿಜ. ಅಂಥಾದ್ದು ನಾನು ತಿಂದೇ ಇಲ್ಲ.”

ದೋನ್ಯಾ ಚಾಯೊ ಸಿಟ್ಟಾಗಲು ಬಾಯಿ ತೆರೆದವರು, ಆ ಕೊನೆಯ ಮಾತು ಒಳಗೆ ಇಳಿದ ಮೇಲೆ ಮುಚ್ಚಿಕೊಂಡರು. ದೋನ್ ರೆಮಿಹಿಯೊ ಕೆನೆಯ ಕೊಳವೆಯನ್ನು ಮೆಲ್ಲಗೆ ಕಿಸೆಗೆ ಸೇರಿಸಿ, “ಬ್ರೆಡ್ಡಂತೂ ಖರ್ಚಾಗಿದೆ, ವಾಪಸ್ ತಗೊಳ್ಳಲ್ಲ,” ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು.

ಹಾಲ್ವರ್ಸನ್ನರಿಗೆ ನಾನು ಎಲ್ಲವನ್ನೂ ತಿರುಗಿಸಿ ಹೇಳಿದೆ, ಹುಂಜವನ್ನೂ ಸೇರಿಸಿ. ಅವರು ಮುಖ ಬಿಳುಚಿಕೊಂಡು, ಮಾವನ ಬೆರಳುಗಳ ಕೆಳಗಿನಿಂದ ಕಾರ್ಡನ್ನು ಬಿಸಿ ಪಾತ್ರೆ ಎತ್ತುವವರ ಹಾಗೆ ತೆಗೆದುಕೊಂಡರು. “ಒಂದು ಗುರುತು ಹಾಕಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಮೊದಲು ಕೇಳದೆ ಕಾರ್ಡು ತೆಗೆದದ್ದು ನನ್ನ ತಪ್ಪು,” ಎಂದರು. ಆಮೇಲೆ ಮಾವನ ವಯಸ್ಸೆಷ್ಟು, ಹಸಿರು ಕಾರ್ಡು ಬಂದು ಎಷ್ಟು ಕಾಲವಾಯಿತು ಎಂದು ಕೇಳಿ ತಿಳಿದು, ಇಷ್ಟು ಹಿರಿಯರು ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು, ಯಾರೂ ಹೇಳಲಿಲ್ಲವೇ ಎಂದರು.

ಮಾವ ಕುರ್ಚಿಯ ಮೇಲೆ ಕೂತುಬಿಟ್ಟರು. “ಹಾಗಾದ್ರೆ ನಾನು ಇಂಗ್ಲಿಷಲ್ಲಿ ಕಲಿತದ್ದನ್ನೆಲ್ಲ ಏನು ಮಾಡ್ಲಿ?”

“ಹುಂಜಕ್ಕೆ ಹೇಳು,” ಎಂದಳು ಅಮ್ಮ.

ಮೊದಲು ಒಬ್ಬರು ನಕ್ಕರು, ಆಮೇಲೆ ಸಭಾಂಗಣವೇ ನಕ್ಕಿತು, ಕುರ್ಚಿಯ ಮೇಲಿದ್ದವರು ಆ ಗದ್ದಲದಲ್ಲಿ ಗೌರವದಿಂದ ಇಳಿದರು. ನಾನೂ ವೇದಿಕೆಯಿಂದ ಮೆಲ್ಲಗೆ ಜಾರಿಕೊಳ್ಳುತ್ತಿದ್ದೆ.

“ಸ್ವಲ್ಪ ಇರಮ್ಮ,” ಎಂದರು ಹಾಲ್ವರ್ಸನ್. ಧ್ವನಿಮುದ್ರಿಸುವ ಪೆಟ್ಟಿಗೆಯ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. “ಇಷ್ಟು ಹೊತ್ತು ಎಲ್ಲರ ಮಾತೂ ನಿನ್ನ ಬಾಯಲ್ಲಿ ಕೇಳಿದೆ. ನಿನ್ನದು ಒಂದೂ ಕೇಳಲಿಲ್ಲ. ಇಷ್ಟ ಇದ್ದರೆ ಮಾತ್ರ ಹೇಳು, ಇದು ರಾಜಧಾನಿಯವರೆಗೂ ಹೋಗುತ್ತೆ. ನೀನು ಎಲ್ಲಿಯವಳು?”

ಕಿಟಕಿಯಲ್ಲಿ ನೀರಿನ ಟ್ಯಾಂಕು ಕಾಣುತ್ತಿತ್ತು. ಅದರ ಬುಡದಲ್ಲಿ ಬಿಳಿ ಎಸಳುಗಳು, ಅದರ ಹಿಂದೆ ನಮ್ಮ ಮನೆ, ಮನೆಯ ಹಿತ್ತಲಲ್ಲಿ ಪಟ್ಟ ಕಳೆದುಕೊಂಡರೂ ಅದೇ ಠೀವಿಯಲ್ಲಿ ನಡೆಯುತ್ತಿರುವ ಒಬ್ಬ ಮಹಾಪ್ರಭು. ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕೈ ತೋರಿಸಿದರೆ ಸಾಕಿತ್ತು. ಅಮ್ಮ ತನ್ನ ಶೂಗಳಿಂದ ಕಣ್ಣೆತ್ತಿ ನನ್ನನ್ನು ನೋಡಿದಳು.

“ಇಲ್ಲಿಯವಳು,” ಎಂದೆ. “ಕಾಗದಗಳಿಗೆ ಇನ್ನೂ ಗೊತ್ತಾಗಿಲ್ಲ.”